ಎದೆಶೂಲೆಗೆ ರಕ್ತದ ಸಾಕ್ಷಿ

ಸುರಪುರ ತಾಲೂಕಿನಲ್ಲಿ ಕೃಷ್ಣೆಯ ದಡದ ಮೇಲಿರುವ ತಿಂಥಣಿಯು ಮೌನೇಶ್ವರನ ಕ್ಷೇತ್ರವೆಂಬುದು ನಮ್ಮ ವಾಚಕರಿಗೆ ಸುವಿದಿತವಾದುದೇ. ಹಿಂದೂಗಳೂ ಮುಸಲ್ಮಾನರೂ ಸಮನಾಗಿ ನಡೆದುಕೊಳ್ಳುವ ಆ ಸ್ಥಳಕ್ಕೆ ಜಾತ್ರೆಯ ಕಾಲದಲ್ಲಿ ಸುತ್ತಣ ಹಳ್ಳಿಗಳಿಂದ ಜನರು ಕಾಲ್ನಡಿಗೆಯಿಂದ ಬರುವುದುಂಟು. ಹಾಗೆ ಬರುವ ಗುಂಪಿನಲ್ಲಿ ಐವತ್ತು ದಾಟಿದ ಒಬ್ಬಾತನು ದಾರಿಯ ನಡುವೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಾನೆಂದು ಭಾವಿಸೋಣ. ಬಲಗೈಯ ಮುಷ್ಟಿಯನ್ನು ಎದೆಯ ನಡುವೆ ಇಟ್ಟುಕೊಂಡು, “ಎದಿ ಹಿಡದಂಗಾತು” ಎನ್ನುತ್ತಾನೆ. “ಗ್ಯಾಸ್ ಆಗೇದ ಕಾಕಾ, ಒಂದು ಸೋಡಾ ಕುಡೀರಿ” ಎಂದು ಜೊತೆಗಾರರು ಸಮಾಧಾನ ಹೇಳುತ್ತಾರೆ. ನಾಲ್ಕೈದು ನಿಮಿಷ ನಿಂತ ಮೇಲೆ ನೋವು ತಾನಾಗಿ ಇಳಿಯುತ್ತದೆ; ಸೋಡಾಕ್ಕೆ ಕೀರ್ತಿ ಬರುತ್ತದೆ; ಗುಂಪು ಮುಂದಕ್ಕೆ ನಡೆಯುತ್ತದೆ.

ನಡೆದರೆ ಬರುವ, ನಿಂತರೆ ಹೋಗುವ ಈ ನೋವಿಗೆ ವೈದ್ಯರು ಹೃಚ್ಛೂಲೆಯೆಂದೂ, ಪಾಶ್ಚಾತ್ಯರ ಭಾಷೆಯಲ್ಲಿ ಆಂಜೈನಾ ಎಂದೂ ಹೆಸರಿಟ್ಟಿದ್ದಾರೆ. ನೋವು ಎಂಬುದು ಅನುಭವಿಸುವವನಿಗಲ್ಲದೆ ಮತ್ತೊಬ್ಬರಿಗೆ ಕಾಣದ ವಸ್ತು. ಆ ಮನುಷ್ಯನು ಹೇಳಿದ ಮಾತನ್ನು ಬಿಟ್ಟು ಅವನ ಶರೀರದಲ್ಲಿ, ಅದರಲ್ಲಿಯೂ ಅವನ ರಕ್ತದಲ್ಲಿ, ಈ ನೋವಿಗೆ ಏನಾದರೊಂದು ಗುರುತು ಉಂಟೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ಪ್ರಯತ್ನಗಳ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ಇತಿಹಾಸದ ಒಂದು ಪ್ರಕರಣವು ತಿಂಥಣಿ ಯಾವ ರಾಜ್ಯಕ್ಕೆ ಸೇರಿತ್ತೋ ಆ ರಾಜ್ಯದ ರಾಜಧಾನಿಯಲ್ಲಿಯೇ ನಡೆದುದೆಂಬುದು ನಮ್ಮವರಲ್ಲಿ ಹೆಚ್ಚು ಜನಕ್ಕೆ ತಿಳಿಯದ ಸಂಗತಿ. ಅದನ್ನು ಮುಂದೆ ಹೇಳುವೆನು.

ಹೃಚ್ಛೂಲೆಯೆಂಬ ಹೆಸರು ಹೊಸದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಅದು ಬರುತ್ತದೆ. ಹೃದಯಸ್ಥಾನದಲ್ಲಿ ಹುಟ್ಟಿ ಉಸಿರನ್ನು ತಡೆಯುವ ಶೂಲೆಯೆಂದು ಅಲ್ಲಿ ಅದರ ವರ್ಣನೆಯಿದೆ. ಆದರೆ ನಡಿಗೆಗೂ ನೋವಿಗೂ ಇರುವ ಸಂಬಂಧವನ್ನು ಎತ್ತಿ ಹಿಡಿದು, ಇದೊಂದು ಪ್ರತ್ಯೇಕವಾದ ವ್ಯಾಧಿಯೆಂದು ಸ್ಪಷ್ಟವಾಗಿ ಬರೆದಿಟ್ಟವನು ಲಂಡನ್ ನಗರದ ವೈದ್ಯನಾದ ವಿಲಿಯಂ ಹೆಬರ್ಡನ್. 1768ರಲ್ಲಿ ಅವನು ವೈದ್ಯರ ಸಭೆಯ ಮುಂದೆ ಓದಿದ ಪ್ರಬಂಧವು 1772ರಲ್ಲಿ ಅಚ್ಚಾಯಿತು. ನಡೆಯುವಾಗ, ವಿಶೇಷವಾಗಿ ಏರನ್ನು ಹತ್ತುವಾಗ ಮತ್ತು ಉಂಡ ಕೂಡಲೆ ನಡೆಯುವಾಗ, ಎದೆಯನ್ನು ಹಿಸುಕಿದಂತಾಗಿ ಇನ್ನೊಂದು ಹೆಜ್ಜೆಯಿಟ್ಟರೆ ಪ್ರಾಣವೇ ಹೋದೀತೆಂಬ ಭಯವುಂಟಾಗುವುದು. ನಿಂತೊಡನೆ ಎಲ್ಲವೂ ಮಾಯವಾಗುವುದು: ಅವನ ವರ್ಣನೆಯ ಸಾರಾಂಶವಿಷ್ಟೆ. ಎರಡೂವರೆ ಶತಮಾನಗಳು ಕಳೆದ ಮೇಲೂ ಅದರಲ್ಲಿ ತಿದ್ದಬೇಕಾದುದು ಬಹಳವಿಲ್ಲ. ಹೆಬರ್ಡನ್ನನ ಬಳಿ ಗಡಿಯಾರವೂ ರೋಗಿಯ ಮಾತೂ ಹೊರತು ಬೇರೆ ಯಾವ ಉಪಕರಣವೂ ಇರಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಆತನು ನೋವನ್ನು ಕಂಡನೇ ಹೊರತು ಅದರ ಮೂಲವನ್ನು ಕಾಣಲಿಲ್ಲ. ಆ ಕಾಲದಲ್ಲಿ ಆತನ ರೋಗಿಯೊಬ್ಬನು ತೀರಿಕೊಂಡಾಗ ಪ್ರಸಿದ್ಧ ಶಸ್ತ್ರವೈದ್ಯನಾದ ಜಾನ್ ಹಂಟರ್ ಶವವನ್ನು ಬಿಚ್ಚಿ ನೋಡಿದನು; ಹೃದಯಕ್ಕೆ ರಕ್ತವನ್ನು ಕೊಡುವ ಕಿರಿಯ ಧಮನಿಗಳ ಕಡೆಗೆ ಅವನ ಗಮನ ಹರಿಯಲಿಲ್ಲ. ಕೆಲವು ವರ್ಷಗಳಾದ ಮೇಲೆ ಹಂಟರನಿಗೇ ಈ ರೋಗವು ಬಂದಿತು. ಅವನ ಶಿಷ್ಯನೂ ಮುಂದೆ ಸಿಡುಬಿಗೆ ಲಸಿಕೆ ಹಾಕಿ ಲೋಕವಿಖ್ಯಾತನಾದವನೂ ಆದ ಎಡ್ವರ್ಡ್ ಜೆನ್ನರನು ಬೇರೆ ಶವಗಳಲ್ಲಿ ಆ ಧಮನಿಗಳು ಸುಣ್ಣಗಟ್ಟಿ ಗಟ್ಟಿಯಾಗಿದ್ದುದನ್ನು ಕಂಡಿದ್ದನು. ಗುರುವಿನ ನೋವಿಗೂ ಇದೇ ಕಾರಣವೆಂದು ಊಹಿಸಿದ್ದನು. ಆದರೆ ಗುರುವಿಗೆ ಈ ವಿಷಯವು ತಿಳಿದರೆ ಅವನ ಧೈರ್ಯವು ಕುಂದೀತೆಂದು ಅದನ್ನು ಪ್ರಕಟಿಸದೆ ಸುಮ್ಮನಿದ್ದನು. 1793ರಲ್ಲಿ ಆಸ್ಪತ್ರೆಯ ಸಭೆಯೊಂದರಲ್ಲಿ ಮಾತಿಗೆ ಮಾತು ಬೆಳೆದಾಗ ಹಂಟರನು ಕೋಪವನ್ನು ನುಂಗಿಕೊಂಡು ಎದ್ದುಹೋಗಿ ಪಕ್ಕದ ಕೋಣೆಯಲ್ಲಿ ಕುಸಿದು ಪ್ರಾಣಬಿಟ್ಟನು. ಶವವನ್ನು ತೆರೆದಾಗ ಶಿಷ್ಯನ ಊಹೆಯೇ ನಿಜವಾಗಿತ್ತು. ಗುರುಭಕ್ತಿಯು ವಿದ್ಯೆಯನ್ನು ಇಪ್ಪತ್ತು ವರ್ಷಗಳಷ್ಟು ಹಿಂದಕ್ಕೆ ಹಿಡಿಯಿತೆಂದು ದೂರಬಹುದು; ನನಗಾದರೋ ಜೆನ್ನರನ ಮೇಲೆ ಕೋಪ ಬರುವುದಿಲ್ಲ.

ಇನ್ನು ಹೈದರಾಬಾದಿನ ಪ್ರಕರಣಕ್ಕೆ ಬರೋಣ. ರಾಜಾ ವೆಂಕಟಪ್ಪ ನಾಯಕನ 1858ರ ದುರಂತದ ತರುವಾಯ ಸುರಪುರ ಸಂಸ್ಥಾನವು ಆಂಗ್ಲರ ಕೈಸೇರಿ, 1860ರ ಒಡಂಬಡಿಕೆಯಂತೆ ನಿಜಾಮನ ರಾಜ್ಯಕ್ಕೆ ಕೂಡಿತಷ್ಟೆ. ಅಂದಿನಿಂದ 1956ರ ವರೆಗೆ ತಿಂಥಣಿಯವರಿಗೆ ರಾಜಧಾನಿಯೆಂದರೆ ಹೈದರಾಬಾದೇ. ಆ ನಗರಕ್ಕೆ 1889ರಲ್ಲಿ ಲಾಡರ್ ಬ್ರಂಟನ್ ಎಂಬ ಆಂಗ್ಲ ವೈದ್ಯನು ಬಂದನು. ಈತನು ಸಾಮಾನ್ಯನಲ್ಲ. ಹೃಚ್ಛೂಲೆಗೆ ನಿಜವಾಗಿ ಉಪಶಮನ ಕೊಡುವ ಔಷಧವನ್ನು ಲೋಕದಲ್ಲಿ ಮೊದಲು ಕಂಡುಹಿಡಿದವನೇ ಇವನು.

ಅದರ ವೃತ್ತಾಂತವು ಹೀಗಿದೆ. ಬ್ರಂಟನನು ಎಡಿನ್‌ಬರೋ ನಗರದ ಆಸ್ಪತ್ರೆಯಲ್ಲಿ ತರುಣ ವೈದ್ಯನಾಗಿದ್ದಾಗ ರಾತ್ರಿಯೆಲ್ಲ ಎದೆಶೂಲೆಯಿಂದ ನರಳುತ್ತಿದ್ದ ರೋಗಿಯೊಬ್ಬನ ಬಳಿ ಕುಳಿತು, ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಯಂತ್ರದಿಂದ ಪರೀಕ್ಷಿಸಿದನು. ಶೂಲೆಯು ಬಂದಾಗಲೆಲ್ಲ ನಾಡಿಯ ಬಿಗಿತವು ಏರುವುದೆಂದು ಅವನಿಗೆ ತೋರಿತು. ಸ್ವಲ್ಪ ರಕ್ತವನ್ನು ತೆಗೆದರೆ ರೋಗಿಗೆ ಹಗುರವಾಗುತ್ತಿದ್ದುದನ್ನೂ ಕಂಡಿದ್ದನು. ಬಿಗಿತವನ್ನು ಇಳಿಸುವ ವಸ್ತುವೊಂದಿದ್ದರೆ ನೋವೂ ಇಳಿಯಬೇಕೆಂದು ತರ್ಕಿಸಿ, ಏಮಿಲ್ ನೈಟ್ರೈಟ್ ಎಂಬ ದ್ರವದ ಕೆಲವು ಹನಿಗಳನ್ನು ಬಟ್ಟೆಯ ಮೇಲೆ ಹಾಕಿ ಮೂಸಲು ಕೊಟ್ಟನು. ಮುಖವು ಕೆಂಪೇರಿತು, ಒಂದು ನಿಮಿಷದೊಳಗೆ ನೋವು ನಿಂತಿತು. ಇದನ್ನು ಅವನು 1867ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದನು. ಹನ್ನೆರಡು ವರ್ಷಗಳ ಅನಂತರ ವಿಲಿಯಂ ಮುರೆಲ್ ಎಂಬವನು ಅದೇ ಜಾತಿಯ ನೈಟ್ರೋಗ್ಲಿಸರಿನನ್ನು ಬಳಕೆಗೆ ತಂದನು. ಇಂದು ನಮ್ಮ ಮನೆಗಳಲ್ಲಿ ಹಿರಿಯರು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುವ, ನಾಲಗೆಯ ಕೆಳಗಿಡುವ ಸಾರ್ಬಿಟ್ರೇಟ್ ಗುಳಿಗೆಯು ಈ ವಂಶದ ಕುಡಿಯೇ.

ಇಂತಹ ಬ್ರಂಟನನು ಹೈದರಾಬಾದಿಗೆ ಬಂದುದು ಹೃಚ್ಛೂಲೆಯ ಸಲುವಾಗಿ ಅಲ್ಲ, ಕ್ಲೋರೋಫಾರ್ಮಿನ ಸಲುವಾಗಿ. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಮೂಸಿದ ರೋಗಿಗಳು ಕೆಲವೊಮ್ಮೆ ಹಠಾತ್ತಾಗಿ ಸಾಯುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬುದು ವಿವಾದವಾಗಿತ್ತು. ಹೈದರಾಬಾದಿನ ವೈದ್ಯಶಾಲೆಯ ಮುಖ್ಯಸ್ಥನಾದ ಎಡ್ವರ್ಡ್ ಲಾರಿಯು ಉಸಿರೇ ಎಂದು ಹಟ ಹಿಡಿದವನು. 1888ರಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ತನ್ನ ಮತವನ್ನು ಸಾರಿದ್ದನು. ಲ್ಯಾನ್ಸೆಟ್ ಪತ್ರಿಕೆಯು ಅದನ್ನು ನಂಬಲಿಲ್ಲ. ಆಗ ಆರನೆಯ ನಿಜಾಮನಾದ ಮಹಬೂಬ್ ಅಲಿ ಖಾನನು ಸಾವಿರ ಪೌಂಡುಗಳನ್ನು ಕೊಟ್ಟು, ನಿಮ್ಮವನೇ ಒಬ್ಬನು ಬಂದು ಪರೀಕ್ಷಿಸಲಿ ಎಂದನು. ಬಂದವನು ಬ್ರಂಟನ್. ನಾಯಿ, ಕೋತಿ, ಮೇಕೆ, ಕುದುರೆ, ಮೊಲಗಳೆಂದು ನಾಲ್ಕುನೂರಕ್ಕೂ ಮಿಕ್ಕ ಪ್ರಾಣಿಗಳ ಮೇಲೆ ಪ್ರಯೋಗಗಳಾದವು. ರೂಪಾಬಾಯಿ ಫರ್ದೂನ್‌ಜಿ ಎಂಬ ವಿದ್ಯಾರ್ಥಿನಿಯೂ ಆ ಕಾರ್ಯದಲ್ಲಿ ಪಾಲ್ಗೊಂಡಿದ್ದಳು. ಕೊನೆಗೆ ಬ್ರಂಟನನೂ ಲಾರಿಯ ಪಕ್ಷವನ್ನೇ ಸೇರಿ, ಹೃದಯಕ್ಕೆ ನೇರವಾದ ಅಪಾಯವಿಲ್ಲವೆಂದು ಲಂಡನ್ನಿಗೆ ತಂತಿ ಕಳುಹಿಸಿದನು.

ಇದು ತಪ್ಪು ತೀರ್ಪು. 1911ರಲ್ಲಿ ಗುಡ್‌ಮನ್ ಲೆವಿ ಎಂಬವನು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರ್ಮು ಅತ್ಯಲ್ಪ ಪ್ರಮಾಣದಲ್ಲಿಯೂ ಹೃದಯದ ಲಯವನ್ನು ಕೆಡಿಸಿ ಅದನ್ನು ನಡುಗಿಸಿ ನಿಲ್ಲಿಸಬಲ್ಲುದೆಂದು ತೋರಿಸಿಕೊಟ್ಟನು. ನಾಲ್ಕುನೂರು ಪ್ರಾಣಿಗಳ ಪ್ರಯೋಗವೂ ನಿಜಾಮನ ದ್ರವ್ಯವೂ ಲೋಕಮಾನ್ಯನಾದ ವೈದ್ಯನ ಕಣ್ಣೂ ಕೂಡಿದರೂ ಸತ್ಯವು ಕೈತಪ್ಪಿತೇಕೆ? ಅವರು ಹೊರಗಿನಿಂದ ಅಳೆದುದು ಉಸಿರನ್ನು, ನಾಡಿಯ ಒತ್ತಡವನ್ನು. ಹೃದಯದ ಸ್ನಾಯುವಿನೊಳಗೆ ನಡೆದುದಕ್ಕೆ ಸಾಕ್ಷಿ ನುಡಿಯುವ ಉಪಕರಣವು ಅವರ ಬಳಿ ಇರಲಿಲ್ಲ. ಹೃಚ್ಛೂಲೆಯ ವಿಷಯದಲ್ಲಿಯೂ ಕೊರತೆಯು ಇದೇ ಆಗಿತ್ತು. ಬ್ರಂಟನನಿಗೆ ನೋವನ್ನು ನಿಲ್ಲಿಸಲು ಬರುತ್ತಿತ್ತು. ಆ ನೋವಿನಲ್ಲಿ ಹೃದಯಕ್ಕೆ ಎಷ್ಟು ಹಾನಿಯಾಯಿತೆಂದು ತಿಳಿಯಲು ಬರುತ್ತಿರಲಿಲ್ಲ.

ಆ ಸಾಕ್ಷಿಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದೊಂದಾಗಿ ದೊರೆತವು. ಹಾಲೆಂಡಿನ ಐಂಥೋವೆನ್ ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ನಿರ್ಮಿಸಿ 1924ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು, ನಾವು ಇ.ಸಿ.ಜಿ. ಎನ್ನುವುದು ಅದನ್ನೇ. 1912ರಲ್ಲಿ ಅಮೇರಿಕದ ಜೇಮ್ಸ್ ಹೆರಿಕ್, ಹೃದಯದ ಧಮನಿಯಲ್ಲಿ ರಕ್ತವು ಹೆಪ್ಪುಗಟ್ಟಿದರೂ ಮನುಷ್ಯನು ಕೂಡಲೆ ಸಾಯಲೇಬೇಕೆಂದಿಲ್ಲ, ಬದುಕಿ ಉಳಿಯಬಲ್ಲನೆಂದು ತೋರಿಸಿದನು. ಇಲ್ಲಿಂದ ಎರಡು ವ್ಯಾಧಿಗಳನ್ನು ಬೇರ್ಪಡಿಸುವುದು ಆವಶ್ಯಕವಾಯಿತು. ರಕ್ತವು ಸಾಲದೆ ಸ್ನಾಯುವು ಬಳಲಿ, ವಿಶ್ರಾಂತಿಯಿಂದ ಚೇತರಿಸಿಕೊಂಡರೆ ಅದು ಹೃಚ್ಛೂಲೆ. ರಕ್ತವು ಕಟ್ಟಿಹೋಗಿ ಸ್ನಾಯುವಿನ ಒಂದು ಭಾಗವು ಸತ್ತೇಹೋದರೆ ಅದು ಹೃದಯಾಘಾತ. ಇವೆರಡರ ನಡುವೆ, ಕುಳಿತಾಗಲೂ ಮಲಗಿದಾಗಲೂ ಬರುವ, ದಿನದಿನಕ್ಕೆ ಹೆಚ್ಚುವ ಅಸ್ಥಿರ ಹೃಚ್ಛೂಲೆಯೆಂಬುದೊಂದುಂಟು. ವೈದ್ಯನಿಗೆ ಕಠಿಣವಾದುದು ಈ ನಡುವಣದೇ, ಇ.ಸಿ.ಜಿ.ಯು ಇಲ್ಲಿ ಎಷ್ಟೋ ಸಲ ಏನನ್ನೂ ಹೇಳುವುದಿಲ್ಲ.

ರಕ್ತವನ್ನು ಮೊದಲು ಮಾತನಾಡಿಸಿದವರು 1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ರೋಬ್ಲೆವ್ಸ್ಕಿ ಮತ್ತು ಕಾರ್ಮನ್ ಎಂಬ ಮೂವರು. ಅವರ ತರ್ಕವು ಬಹು ಸರಳವಾದುದು. ಗೋಡೆ ಕುಸಿದ ಕಣಜದಿಂದ ಕಾಳು ಹೊರಚೆಲ್ಲುವಂತೆ, ಸತ್ತ ಸ್ನಾಯುಕೋಶದೊಳಗಿನ ವಸ್ತುಗಳು ರಕ್ತಕ್ಕೆ ಸೋರಬೇಕು. ಅವುಗಳನ್ನು ಅಳೆದರೆ ಹಾನಿಯು ತಿಳಿಯಬೇಕು. ಅವರು ಟ್ರಾನ್ಸ್‌ಅಮಿನೇಸ್ ಎಂಬ ಕಿಣ್ವವನ್ನು ಅಳೆದರು. ಹೃದಯಾಘಾತವಾದವರ ರಕ್ತದಲ್ಲಿ ಅದು ಏರಿತ್ತು. ಆದರೆ ಈ ಕಿಣ್ವವು ಯಕೃತ್ತಿನಲ್ಲಿಯೂ ಧಾರಾಳವಾಗಿರುವುದರಿಂದ ಕಾಮಾಲೆಯವನನ್ನೂ ಹೃದಯರೋಗಿಯೆಂದು ಭ್ರಮಿಸುವ ಸಂಭವವಿತ್ತು. ಅನಂತರ ಬಂದ ಕ್ರಿಯಾಟಿನ್ ಕೈನೇಸ್ ಎಂಬುದು ಕೈಕಾಲುಗಳ ಮಾಂಸದಲ್ಲಿಯೂ ಇರುವುದಾದ್ದರಿಂದ, ಸೊಂಟಕ್ಕೆ ಒಂದು ಸೂಜಿ ಚುಚ್ಚಿಸಿಕೊಂಡರೂ ಅದರ ಅಳತೆಯು ಏರುತ್ತಿತ್ತು. ಯಾವ ಬೇನೆಗಾದರೂ ಮೊದಲು ‘ಒಂದು ಸೂಜಿ ಮಾಡ್ರಿ’ ಎಂದು ಕೇಳುವ ನಮ್ಮ ಸೀಮೆಯಲ್ಲಿ ಆ ಪರೀಕ್ಷೆಗೆ ಎಷ್ಟು ಬೆಲೆಯಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು! ಅದರ ಎಂ.ಬಿ. ಎಂಬ ಪ್ರಭೇದವು ಹೃದಯಕ್ಕೆ ಹೆಚ್ಚು ಸಮೀಪವಾಗಿದ್ದುದರಿಂದ 1970ರ ದಶಕದಿಂದ ಎರಡು ದಶಕಗಳ ಕಾಲ ಅದೇ ಪ್ರಮಾಣವಾಗಿ ನಿಂತಿತು.

ಈ ಎಲ್ಲ ಸೂಚಕಗಳಿಗೆ ಸಮಾನವಾದ ದೋಷವೊಂದಿತ್ತು. ಸ್ನಾಯುವು ಸಾಕಷ್ಟು ಸತ್ತ ಮೇಲಲ್ಲದೆ ಅವು ಬಾಯಿಬಿಡುತ್ತಿರಲಿಲ್ಲ. ಹೃಚ್ಛೂಲೆಯ ರೋಗಿಯ ವಿಷಯದಲ್ಲಿ ಅವು ಮೂಕವಾಗಿಯೇ ಇದ್ದವು. ಈ ಮೌನವನ್ನು ಮುರಿದುದು ಟ್ರೊಪೊನಿನ್.

ಟ್ರೊಪೊನಿನ್ನೆಂಬುದು ಕಿಣ್ವವಲ್ಲ, ಸ್ನಾಯುವಿನ ಎಳೆಗಳ ಮೇಲೆ ಕುಳಿತು, ಅವು ಯಾವಾಗ ಕುಗ್ಗಬೇಕು ಯಾವಾಗ ಹಿಗ್ಗಬೇಕೆಂಬುದನ್ನು ನಿಯಮಿಸುವ ಸಸಾರಜನಕ, ಅಂದರೆ ಪ್ರೋಟೀನು. ಜಪಾನಿನ ಸೆತ್ಸುರೋ ಎಬಾಶಿ 1960ರ ದಶಕದಲ್ಲಿ ಇದನ್ನು ಕಂಡುಹಿಡಿದಾಗ ಅವನ ಚಿಂತೆಯೆಲ್ಲ ಸ್ನಾಯುವು ಹೇಗೆ ಚಲಿಸುವುದೆಂಬುದಾಗಿತ್ತೇ ಹೊರತು ರೋಗನಿದಾನವಲ್ಲ. ಇದಕ್ಕೆ ಮೂರು ಅಂಗಗಳು; ಅವುಗಳಲ್ಲಿ ಐ ಮತ್ತು ಟಿ ಎಂಬೆರಡು ಹೃದಯದಲ್ಲಿ ಒಂದು ರೂಪವಾಗಿಯೂ ಕೈಕಾಲುಗಳಲ್ಲಿ ಬೇರೆ ರೂಪವಾಗಿಯೂ ಇರುತ್ತವೆ. ಆದುದರಿಂದ ಹೃದಯದ ರೂಪವು ರಕ್ತದಲ್ಲಿ ಸಿಕ್ಕಿತೆಂದರೆ ಅದು ಹೃದಯದಿಂದಲೇ ಬಂದಿರಬೇಕು. ಇಂಗ್ಲೆಂಡಿನ ಕಮಿನ್ಸ್ 1987ರಲ್ಲಿ ಐ ಎಂಬುದನ್ನೂ, ಜರ್ಮನಿಯ ಹ್ಯೂಗೋ ಕಾಟುಸ್ 1989ರಲ್ಲಿ ಟಿ ಎಂಬುದನ್ನೂ ಅಳೆಯುವ ವಿಧಾನಗಳನ್ನು ಪ್ರಕಟಿಸಿದರು.

1992ರಲ್ಲಿ ಜರ್ಮನಿಯ ಕ್ರಿಸ್ಟಿಯನ್ ಹ್ಯಾಮ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯೊಂದು ನಮ್ಮ ವಿಷಯಕ್ಕೆ ಮರ್ಮಸ್ಥಾನವಾದುದರಿಂದ ಅದರ ಅಂಕಿಗಳನ್ನು ಕೊಡುತ್ತೇನೆ. ವಿಶ್ರಾಂತಿಯಲ್ಲಿದ್ದಾಗಲೇ ಶೂಲೆ ಬಂದ 84 ಮಂದಿ ರೋಗಿಗಳ ರಕ್ತವನ್ನು ಅವರು ಪರೀಕ್ಷಿಸಿದರು. ಹಳೆಯ ಸೂಚಕವು ಇವರಲ್ಲಿ ಹೆಚ್ಚಿನವರಿಗೆ ಏನೂ ಆಗಿಲ್ಲವೆಂದೇ ಹೇಳುತ್ತಿತ್ತು. ಆದರೆ 33 ಮಂದಿಯ ರಕ್ತದಲ್ಲಿ ಟ್ರೊಪೊನಿನ್ ಟಿ ಸಿಕ್ಕಿತು. ಆ 33 ಮಂದಿಯಲ್ಲಿ 10 ಮಂದಿಗೆ ಆಸ್ಪತ್ರೆಯಲ್ಲಿದ್ದಾಗಲೇ ಹೃದಯಾಘಾತವಾಯಿತು. ಅವರಲ್ಲಿ 5 ಮಂದಿ ತೀರಿಕೊಂಡರು. ಸಿಕ್ಕದೆ ಇದ್ದ 51 ಮಂದಿಯಲ್ಲಿ ಹೃದಯಾಘಾತವಾದುದು ಒಬ್ಬನಿಗೆ ಮಾತ್ರ, ಅವನೂ ಉಳಿಯಲಿಲ್ಲ. ಒಂದೇ ಕೋಣೆಯಲ್ಲಿ ಒಂದೇ ನೋವನ್ನು ಒಂದೇ ಮಾತುಗಳಲ್ಲಿ ಹೇಳುತ್ತ ಮಲಗಿದ್ದ ಇಬ್ಬರಲ್ಲಿ ಯಾರ ತಲೆಯ ಮೇಲೆ ಕತ್ತಿಯು ತೂಗುತ್ತಿದೆಯೆಂದು ರಕ್ತವು ಮೊಟ್ಟಮೊದಲು ಬೆರಳು ಮಾಡಿ ತೋರಿಸಿತು. 1996ರಲ್ಲಿ ಅಮೇರಿಕದ ಆಂಟ್‌ಮನ್ ಮತ್ತು ಸಂಗಡಿಗರು 1404 ರೋಗಿಗಳಲ್ಲಿ ಟ್ರೊಪೊನಿನ್ ಐಯನ್ನು ಅಳೆದು ಇದೇ ಫಲವನ್ನು ಕಂಡರು: ಏರಿದ್ದವರಲ್ಲಿ 42 ದಿನಗಳೊಳಗೆ ನೂರಕ್ಕೆ 3.7 ಮಂದಿಯೂ ಏರದಿದ್ದವರಲ್ಲಿ ನೂರಕ್ಕೆ ಒಬ್ಬರೂ ತೀರಿಕೊಂಡಿದ್ದರು.

ಇದರ ಪರಿಣಾಮವಾಗಿ ವ್ಯಾಧಿಯ ಹೆಸರೇ ಬದಲಾಯಿತು. 2000ದ ಇಸವಿಯಲ್ಲಿ ಯೂರೋಪ್ ಮತ್ತು ಅಮೇರಿಕದ ಹೃದಯವೈದ್ಯರ ಸಂಘಗಳು ಕೂಡಿ, ಇನ್ನು ಮುಂದೆ ಟ್ರೊಪೊನಿನ್ ಏರಿದ ರೋಗಿಯನ್ನು, ಉಳಿದ ಲಕ್ಷಣಗಳೂ ಕೂಡಿದರೆ, ಹೃದಯಾಘಾತವಾದವನೆಂದೇ ಎಣಿಸತಕ್ಕುದೆಂದು ನಿರ್ಣಯಿಸಿದವು. ನಿನ್ನೆ ಅಸ್ಥಿರ ಹೃಚ್ಛೂಲೆಯವನೆನಿಸಿ ಮಲಗಿದ್ದವನು ಮರುದಿನ ಬೆಳಗ್ಗೆ, ನೋವಿನಲ್ಲಿ ಯಾವ ವ್ಯತ್ಯಾಸವೂ ಇಲ್ಲದೆ, ಹೃದಯಾಘಾತದ ರೋಗಿಯಾದನು. ಹೆಬರ್ಡನ್ನನು ರೋಗಿಯ ಮಾತಿನಿಂದ ಕಟ್ಟಿದ ಹೆಸರನ್ನು ರಕ್ತದ ಒಂದು ಹನಿಯು ತಿದ್ದಿಬರೆಯಿತು.

ಆಮೇಲಿನ ಪರೀಕ್ಷೆಗಳು ಇನ್ನೂ ಸೂಕ್ಷ್ಮವಾದವು. ಟ್ರೊಪೊನಿನ್ ಟಿಯ ವಿಷಯದಲ್ಲಿ ಒಂದು ಲೀಟರಿಗೆ 14 ನ್ಯಾನೋಗ್ರಾಮ್ ಎಂಬುದು ಆರೋಗ್ಯವಂತರ ಮೇಲ್ಮಿತಿಯೆಂದು ಗೊತ್ತುಪಡಿಸಲಾಗಿದೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಗ್ರಾಮ್. ಟ್ರೊಪೊನಿನ್ ಐಯ ಮೇಲ್ಮಿತಿಯು ಹೆಂಗಸರಲ್ಲಿ ಗಂಡಸರಿಗಿಂತ ಕಡಿಮೆಯೆಂಬುದೂ ಆಗಲೇ ಬೆಳಕಿಗೆ ಬಂದಿತು. ಎಲ್ಲರಿಗೂ ಗಂಡಸಿನ ಅಳತೆಯನ್ನೇ ಹಿಡಿದರೆ ಹೆಂಗಸರ ಸಣ್ಣ ಹೃದಯಾಘಾತಗಳು ಕಣ್ತಪ್ಪಿ ಹೋಗುತ್ತವೆ. ಮನೆಯ ಹೆಂಗಸರು ಎದೆನೋವೆಂದರೆ ಆಯಾಸವೆಂದೋ ಚಿಂತೆಯೆಂದೋ ಹೇಳಿ ಸುಮ್ಮನಾಗಿಸುವ ವಾಡಿಕೆಯು ನಮ್ಮಲ್ಲಿ ಮೊದಲೇ ಇದೆ; ಯಂತ್ರವೂ ಅದಕ್ಕೆ ದನಿಗೂಡಿಸಿದರೆ ಅವರಿಗೆ ಗತಿಯೇನು?

ಹಾಗಾದರೆ ನಡೆದಾಗ ಮಾತ್ರ ಎದೆ ಹಿಡಿಯುವ, ನಿಂತರೆ ಬಿಡುವ ನಮ್ಮ ತಿಂಥಣಿಯ ದಾರಿಯವನ ರಕ್ತವು ಏನು ಹೇಳೀತು? ಬಹುಮಟ್ಟಿಗೆ ಏನನ್ನೂ ಹೇಳದು. 2009ರಲ್ಲಿ ನಾರ್ವೆಯ ಓಮ್‌ಲಾಂಡ್ ಮತ್ತು ಸಂಗಡಿಗರು ಇಂತಹ ಸ್ಥಿರವಾದ ಹೃದ್ರೋಗವುಳ್ಳ 3679 ಮಂದಿಯ ರಕ್ತವನ್ನು ಸೂಕ್ಷ್ಮ ಪರೀಕ್ಷೆಗೆ ಒಡ್ಡಿದಾಗ ನೂರಕ್ಕೆ ಸುಮಾರು 11 ಮಂದಿಯಲ್ಲಿ ಮಾತ್ರ ಟ್ರೊಪೊನಿನ್ ಮೇಲ್ಮಿತಿಯನ್ನು ದಾಟಿತ್ತು. ಮಿತಿಯೊಳಗಿದ್ದವರಲ್ಲಿಯೂ ಅದು ಹೆಚ್ಚಿದಂತೆಲ್ಲ ಮುಂದಿನ ವರ್ಷಗಳಲ್ಲಿ ಸಾವಿನ ಸಂಭವವು ಹೆಚ್ಚುತ್ತಿದ್ದುದು ನಿಜ. ಆದರೂ ಒಬ್ಬ ವ್ಯಕ್ತಿಯನ್ನು ಕೂರಿಸಿಕೊಂಡು, ನಿನಗಿರುವುದು ಹೃಚ್ಛೂಲೆಯೇ ಹೌದು ಅಥವಾ ಅಲ್ಲವೆಂದು ಹೇಳುವ ಶಕ್ತಿಯು ಅದಕ್ಕಿಲ್ಲ. ಟ್ರೊಪೊನಿನ್ ಸ್ನಾಯುವಿನ ಗಾಯಕ್ಕೆ ಸಾಕ್ಷಿಯೇ ಹೊರತು ನೋವಿಗಲ್ಲ, ಧಮನಿಯ ಇಕ್ಕಟ್ಟಿಗೂ ಅಲ್ಲ. ಸ್ನಾಯುವು ಸಾಯದೆ ಕೇವಲ ಪ್ರಾಣವಾಯುವಿಗಾಗಿ ತಹತಹಿಸುವ ಸ್ಥಿತಿಯನ್ನೇ ರಕ್ತದಲ್ಲಿ ಹಿಡಿಯಬೇಕೆಂದು ಆಲ್ಬುಮಿನ್ನಿನ ಮಾರ್ಪಾಡನ್ನು ಅಳೆಯುವ ಪರೀಕ್ಷೆಯೊಂದು ಬಂದಿತ್ತು. ಅಮೇರಿಕದಲ್ಲಿ ಅದಕ್ಕೆ ಅನುಮತಿಯೂ ದೊರೆಯಿತು. ನಿರೀಕ್ಷೆಯನ್ನು ಮಾತ್ರ ಅದು ಈಡೇರಿಸಲಿಲ್ಲ.

ಇತರ ಸೂಚಕಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಉರಿಯೂತವನ್ನು ಸೂಚಿಸುವ ಸಿ.ಆರ್.ಪಿ.ಯು 1930ರಲ್ಲಿ ನ್ಯುಮೋನಿಯಾ ರೋಗಿಗಳಲ್ಲಿ ಮೊದಲು ಕಂಡಿತು. ಅಸ್ಥಿರ ಹೃಚ್ಛೂಲೆಯವರಲ್ಲಿ ಅದು ಏರಿದ್ದರೆ ಮುಂದಿನ ಗತಿಯು ಚೆನ್ನಾಗಿರದೆಂದು 1994ರಲ್ಲಿ ರೋಮಿನ ವೈದ್ಯರು ತೋರಿಸಿದರು. ಆದರೆ ಹಲ್ಲುನೋವಿಗೂ ನೆಗಡಿಗೂ ಏರುವ ವಸ್ತುವನ್ನು ಎಷ್ಟೆಂದು ನಂಬುವುದು? 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಕಂಡುಹಿಡಿದ ಲೈಪೋಪ್ರೋಟೀನ್-ಎ ಎಂಬ ಕೊಬ್ಬಿನ ಕಣವು ನಮಗೆ ಹೆಚ್ಚು ಪ್ರಯೋಜನದ್ದು. ಅದು ತಂದೆತಾಯಿಗಳಿಂದ ಬರುವ ಆಸ್ತಿ. ಊಟದಿಂದಲೂ ವ್ಯಾಯಾಮದಿಂದಲೂ ಹೆಚ್ಚಾಗಿ ಬದಲಾಗುವುದಿಲ್ಲ. ಆಯುಷ್ಯದಲ್ಲಿ ಒಮ್ಮೆ ನೋಡಿಸಿದರೆ ಸಾಮಾನ್ಯವಾಗಿ ಸಾಕು. ತಂದೆಯೋ ಅಣ್ಣನೋ ನಲವತ್ತು ಐವತ್ತರೊಳಗೆ ಹೃದಯಾಘಾತದಿಂದ ತೀರಿದ ಮನೆಗಳಲ್ಲಿ ಉಳಿದವರು ಇದನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಟ್ರೊಪೊನಿನ್ನಿಗೂ ಸುಳ್ಳು ಭಯವನ್ನುಂಟುಮಾಡುವ ಸಂದರ್ಭಗಳುಂಟು. ಮೂತ್ರಪಿಂಡಗಳು ಕೆಟ್ಟವರಲ್ಲಿ, ರಕ್ತಕ್ಕೆ ಸೋಂಕು ತಗಲಿದವರಲ್ಲಿ, ಹೃದಯವು ನಿತ್ರಾಣವಾದವರಲ್ಲಿ ಅದು ಏರಿಯೇ ಇರಬಹುದು. ಆದರೆ ಇದಕ್ಕಿಂತ ಅಪಾಯಕರವಾದುದು ಸುಳ್ಳು ಧೈರ್ಯ. ಸ್ನಾಯುವಿಗೆ ಗಾಯವಾದೊಡನೆ ಟ್ರೊಪೊನಿನ್ ರಕ್ತದಲ್ಲಿ ತುಂಬಿಕೊಳ್ಳುವುದಿಲ್ಲ. ಸಾಮಾನ್ಯ ಪರೀಕ್ಷೆಗಳಿಗೆ ಸಿಗಬೇಕಾದರೆ ಮೂರರಿಂದ ಆರು ಗಂಟೆಗಳಾಗಬೇಕು. ಆದುದರಿಂದ ಒಂದು ಸಲ ರಕ್ತ ತೆಗೆದು ‘ಏನೂ ಇಲ್ಲ’ ಎಂದುಬಿಡುವುದು ಶಾಸ್ತ್ರಸಮ್ಮತವಲ್ಲ. ಎರಡನೆಯ ಸಲ ತೆಗೆದು, ಎರಡರ ನಡುವೆ ಏರಿಳಿತವುಂಟೇ ಎಂದು ನೋಡಬೇಕು. ಅತಿಸೂಕ್ಷ್ಮ ಪರೀಕ್ಷೆಯಿರುವಲ್ಲಿ ಈ ಅಂತರವು ಒಂದು ಗಂಟೆಗೂ ಮೂರು ಗಂಟೆಗೂ ಇಳಿದಿದೆ. ಇನ್ನೊಂದು ಮಾತು: ಇ.ಸಿ.ಜಿ.ಯಲ್ಲಿ ಧಮನಿಯು ಪೂರ್ತಿ ಕಟ್ಟಿದ ಲಕ್ಷಣವು ಸ್ಪಷ್ಟವಾಗಿದ್ದರೆ ರಕ್ತದ ಫಲಿತಕ್ಕಾಗಿ ಕಾಯಲೇಬಾರದು. ಅಂತಹ ರೋಗಿಗೆ ಪ್ರತಿ ಕ್ಷಣವೂ ಸ್ನಾಯುವಿನ ನಷ್ಟ.

ಈಗ ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮೊದಲಾದವರು ಭಾರತದ 50 ನಗರಗಳ 89 ಆಸ್ಪತ್ರೆಗಳಿಂದ 20,468 ರೋಗಿಗಳ ವಿವರವನ್ನು ಕೂಡಿಹಾಕಿ 2008ರಲ್ಲಿ ಪ್ರಕಟಿಸಿದರು. ಪ್ರಕಟವಾದುದು ಬ್ರಂಟನನು ಬರೆಯುತ್ತಿದ್ದ ಅದೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ. ನೋವು ಮೊದಲಾದಂದಿನಿಂದ ಆಸ್ಪತ್ರೆ ಸೇರುವ ವರೆಗೆ ಕಳೆದ ಕಾಲದ ನಡುವಣ ಬೆಲೆಯು 360 ನಿಮಿಷ, ಎಂದರೆ ಆರು ಗಂಟೆಗಳಾಗಿತ್ತು. ಬಡವರಲ್ಲಿ ನೂರಕ್ಕೆ 8.2 ಮಂದಿಯೂ ಧನಿಕರಲ್ಲಿ 5.5 ಮಂದಿಯೂ ಮೂವತ್ತು ದಿನಗಳೊಳಗೆ ತೀರಿದ್ದರು. ದೊರೆತ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರವು ಇಲ್ಲವಾಯಿತು. ಇದು ನಗರಗಳ ಆಸ್ಪತ್ರೆಗಳನ್ನು ಮುಟ್ಟಿದವರ ಲೆಕ್ಕ. ಮುಟ್ಟದೆ ಹೋದವರು ಯಾವ ಪಟ್ಟಿಯಲ್ಲಿಯೂ ಇಲ್ಲ.

ಅಂದಿನಿಂದ ನಮ್ಮ ಪ್ರಾಂತದಲ್ಲಿ ಕೆಲವು ಮಾರ್ಪಾಡುಗಳಾಗಿವೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆಯು 2024ರ ಡಿಸೆಂಬರಿನಲ್ಲಿ ಆರಂಭವಾಯಿತು. ಈ ಭಾಗಕ್ಕೆ ವಿಶೇಷ ಸ್ಥಾನವನ್ನು ಕೊಟ್ಟ ಸಂವಿಧಾನದ 371ನೆಯ ವಿಧಿಯ ನೆನಪಿಗೆಂದು ಅದಕ್ಕೆ 371 ಹಾಸಿಗೆಗಳು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡುದು ನಾಡನ್ನೆಲ್ಲ ಕಲಕಿತು. ಅವರ ಹೆಸರಿನಲ್ಲಿ ಸರಕಾರವು ಹೃದಯ ಜ್ಯೋತಿಯೆಂಬ ಯೋಜನೆಯನ್ನು ತಂದಿತು. ತಾಲೂಕಾ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಕೂಡಲೆ ಓದಿ ತಿಳಿಸುವುದು, ಅಗತ್ಯವಿದ್ದರೆ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿಯನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಅದರ ಕ್ರಮ. ಇಲ್ಲಿ ಮೊದಲ ತೀರ್ಮಾನವು ರಕ್ತದ ಮೇಲಲ್ಲ, ಇ.ಸಿ.ಜಿ.ಯ ಗೆರೆಯ ಮೇಲೆ ನಿಂತಿರುವುದು ಸರಿಯಾಗಿಯೇ ಇದೆ. ಗೆರೆಯು ಸುಮ್ಮನಿದ್ದು ನೋವು ಮಾತ್ರ ಕೂಗುತ್ತಿರುವಾಗ ರಕ್ತದ ಸರದಿ ಬರುತ್ತದೆ.

ಕಡೆಯದಾಗಿ ನಮ್ಮ ದಾರಿಯವನ ಕಡೆಗೆ ತಿರುಗೋಣ. ಜಾತ್ರೆ ಮುಗಿದು ಊರಿಗೆ ಬಂದ ಕೆಲವು ದಿನಗಳ ಮೇಲೆ, ರಾತ್ರಿ ಎರಡು ಗಂಟೆಗೆ, ಮಲಗಿದ್ದಲ್ಲಿಯೇ ಅವನಿಗೆ ಎದೆ ಹಿಡಿಯಿತೆಂದು ಭಾವಿಸೋಣ. ಈ ಸಲ ಅದು ನಿಂತರೂ ಹೋಗುವುದಿಲ್ಲ, ಕುಳಿತರೂ ಹೋಗುವುದಿಲ್ಲ. ಅಜವಾನ, ಸೋಡಾ, ಎದೆಗೆ ಎಣ್ಣೆ, ಹೀಗೆ ಒಂದು ಗಂಟೆ ಕಳೆಯುತ್ತದೆ. ವಾಹನವನ್ನು ಎಬ್ಬಿಸಿ ತರಲು ಮತ್ತೊಂದು ಅರ್ಧ ಗಂಟೆ. ನಾಲ್ಕು ಗಂಟೆಯ ಹೊತ್ತಿಗೆ ಸುರಪುರದಲ್ಲಿ ಇ.ಸಿ.ಜಿ.; ಗೆರೆಯಲ್ಲಿ ವಿಶೇಷವೇನೂ ಇಲ್ಲ. ಮೊದಲ ರಕ್ತಪರೀಕ್ಷೆಯೂ ಮಿತಿಯೊಳಗೇ ಇದೆ, ಏಕೆಂದರೆ ನೋವು ಹುಟ್ಟಿ ಎರಡೇ ಗಂಟೆಗಳಾಗಿವೆ. ಅಷ್ಟರಲ್ಲಿ ನೋವೂ ಸ್ವಲ್ಪ ಇಳಿದಿದೆ. “ಎಲ್ಲಾ ನಾರ್ಮಲ್ ಬಂದದ, ನಡೀರಿ ಕಾಕಾ, ಮನೀಗೆ ಹೋಗೂಣು” ಎಂದು ಅಣ್ಣನ ಮಗನು ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಎರಡನೆಯ ಸಲ ರಕ್ತ ತೆಗೆಯಬೇಕಾದುದು ಏಳು ಗಂಟೆಗೆ. ಹೊರಗೆ ಗಾಡಿಯವನು ಬಾಡಿಗೆಗೆ ಅವಸರಪಡಿಸುತ್ತಿದ್ದಾನೆ. ಮಂಚದ ಮೇಲೆ ಕುಳಿತವನು ಎದೆಯ ಮೇಲಿನ ಮುಷ್ಟಿಯನ್ನು ಇನ್ನೂ ಸಡಿಲಿಸಿಲ್ಲ.